ಹಗಲು ಬೆಳಕಿನಲ್ಲಿ ದೇವರ ಬ್ಯಾಂಡು

ಬೆಳಿಗ್ಗೆ ಹತ್ತು ಗಂಟೆ ಅಂದುಕೊಳ್ಳಿ. ಊರು ಎಮ್ಮಿಗನೂರು ಅಂದುಕೊಳ್ಳಿ. ಕಂಪ್ಲಿ ಸೀಮೆಯ ಭತ್ತದ ಗದ್ದೆಗಳ ಮೇಲೆ ಬಿಸಿಲು ಆಗಲೇ ಏರಿದೆ. ಹೋಟೆಲಿನ ಮುಂದೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತವರ ಎದುರಿಗೆ ರಾವಣ ಬಂದು ನಿಲ್ಲುತ್ತಾನೆ! ಪರದೆ ಇಲ್ಲ, ಅಟ್ಟ ಇಲ್ಲ, ದೀಪ ಇಲ್ಲ. ಮುಖದ ತುಂಬ ಇಂಗಳೀಕ, ಅರದಾಳ, ಸಫೇದ. ಹೆಗಲ ಮೇಲಿನ ಭುಜಕೀರ್ತಿಯ ಕನ್ನಡಿ ಚೂರುಗಳಲ್ಲಿ ಇಡೀ ಬೀದಿ ಚೂರುಚೂರಾಗಿ ಹೊಳೆಯುತ್ತಿದೆ. ಬೆನ್ನ ಹಿಂದೆ ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ಜೊತೆ ತಾಳ. ರಾವಣ ನೆಲಕ್ಕೆ ಕಾಲು ಅಪ್ಪಳಿಸಿ ಮೂರು ಲೋಕ ನಡುಗುವಂತೆ ಅಬ್ಬರಿಸುತ್ತಾನೆ. ಆಮೇಲೆ ಪಕ್ಕದವನ ಹತ್ತಿರ ಒಂದು ಬೀಡಿ ಕೇಳುತ್ತಾನೆ.

ಇದು ಹಗಲುವೇಷ. ಈ ಪದ ನನಗೆ ಬಾಲ್ಯದಿಂದಲೂ ಗೊತ್ತು, ಬೈಗುಳವಾಗಿ. ಅದರೊಳಗೆ ಇಂಥದೊಂದು ಲೋಕ ಇದೆ ಅಂತ ತಿಳಿಯುವುದಕ್ಕೆ, ನಾಚಿಕೆಯಾದರೂ ಹೇಳುತ್ತೇನೆ, ನಾನು ಅಮೆರಿಕಕ್ಕೆ ಹೋಗಿ ವಾಪಸ್ ಬರಬೇಕಾಯಿತು. ವಿಮಾನದಲ್ಲಲ್ಲ, ಹಾಡಿನ ಹಿಂದೆ.

ಓಹಾಯೋದ ಆ್ಯಕ್ರನ್ ಊರಿನಲ್ಲಿ 1973ರಲ್ಲಿ ಹುಟ್ಟಿದ ಡೀವೋ ಅಂತೊಂದು ಬ್ಯಾಂಡು ಇದೆ. ಇವರ ಒಂದು ಕಿತಾಪತಿ ಓದಿ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ತಮ್ಮ ಕಛೇರಿ ಶುರುವಾಗುವ ಮೊದಲು ತಾವೇ ಬೇರೆ ಬಟ್ಟೆ ತೊಟ್ಟು, ಡವ್ ಎಂಬ ಹೆಸರಿನ ಸಾತ್ವಿಕ ಭಜನಾ ಮಂಡಳಿಯಾಗಿ ವೇದಿಕೆ ಹತ್ತಿ, ಟಿವಿ ಪ್ರವಚನಕಾರರ ಹುಸಿನಗೆ ನಗುತ್ತ ಹಾಡುತ್ತಿದ್ದರು. ಅಲ್ಲಿಂದ ಸ್ವೀಡನ್ನಿನ ಘೋಸ್ಟ್ ಬ್ಯಾಂಡು ಸಿಕ್ಕಿತು, ಅದರ ಗಾಯಕ ತಲೆಬುರುಡೆ ಮುಖದ ಪೋಪ್! ಅಲ್ಲಿಂದ ಮಾಸ್ಕೋ. 2012ರಲ್ಲಿ ಪುಸ್ಸಿ ರಯಟ್ ಎಂಬ ಪಂಕ್ ತಂಡದ ಹೆಣ್ಣುಮಕ್ಕಳು ಬಣ್ಣಬಣ್ಣದ ಮುಸುಕು ಹಾಕಿಕೊಂಡು ದೊಡ್ಡ ಕೆಥೆಡ್ರಲ್ಲಿಗೇ ನುಗ್ಗಿ, ಪುಟಿನ್‌ನನ್ನು ಓಡಿಸು ತಾಯೇ ಎಂದು ಮೇರಿಯಮ್ಮನಿಗೆ ಪಂಕ್ ಪ್ರಾರ್ಥನೆ ಸಲ್ಲಿಸಿ ಜೈಲು ಕಂಡರು. ಮುಖಕ್ಕೆ ಬಣ್ಣ, ಮೈಮೇಲೆ ದೇವರ ಬಟ್ಟೆ, ಬಾಯಲ್ಲಿ ಗೇಲಿ, ಜೊತೆಗೆ ಎರಡು ಮೂರು ವಾದ್ಯದ ಗಲಾಟೆ. ಓದುತ್ತ ಓದುತ್ತ ತಟ್ಟನೆ ಹೊಳೆಯಿತು: ಅರೆ, ಇವರು ನಮ್ಮ ಬೀದಿಗೇ ಬರುತ್ತಿದ್ದರಲ್ಲ!

ಬಳ್ಳಾರಿ ಸೀಮೆಯಲ್ಲಿ ಹಗಲುವೇಷ ಬುಡಗ ಜಂಗಮರ ಕಸುಬು. ವೇಷಗಾರರು ಅಂತಲೂ ಕರೆಯುತ್ತಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಹಾಡಿನಲ್ಲಿ ಎರಡೂ ಕಲಸಿದ ಚಿತ್ರಾನ್ನ. ಒಂದು ಊರಿಗೆ ಬಂದರೆ ಕೆಲವು ದಿನ ಬೀಡು ಬಿಡುತ್ತಾರೆ. ಇವತ್ತು ರಾಮ-ರಾವಣ, ನಾಳೆ ಭೀಮಾಂಜನೇಯರ ಕಾಳಗ, ನಾಡಿದ್ದು ಮೀಸೆ ಬೋಳಿಸಿದ ಗಂಡಸು ಮೋಹಿನಿಯಾಗಿ ಬಂದು ಅಂಗಡಿ ಕಟ್ಟೆಯವರ ಕೆನ್ನೆ ಕೆಂಪಾಗಿಸುವ ಪಾಳಿ. ದಿನಕ್ಕೊಂದು ವೇಷ ತೋರಿಸಿ, ಕಡೆಯ ದಿನ ಮನೆಮನೆಗೆ ಹೋಗಿ ಕಾಳುಕಡಿ, ದುಡ್ಡು, ಹಳೇ ಬಟ್ಟೆ ಎತ್ತುತ್ತಾರೆ. ಟಿಕೆಟ್ಟಿಲ್ಲ. ನೋಡಲು ನೀವು ಹೋಗಬೇಕಿಲ್ಲ, ನಾಟಕವೇ ನಿಮ್ಮ ಹೊಸ್ತಿಲಿಗೆ ಬಂದು ಬಾಗಿಲು ಬಡಿಯುತ್ತದೆ.

ಇವರ ತೆಲುಗು ಸೋದರ ಕಲೆಯ ಹೆಸರು ಪಗಟಿ ವೇಷ. ಪದಕ್ಕೆ ಪದ ಹಗಲುವೇಷವೇ. ಅಲ್ಲಿಯ ವೇಷಗಳ ಪಟ್ಟಿ ನೋಡಬೇಕು ನೀವು! ಮಡಿ ಹೆಚ್ಚಾದ ಮುದಿ ಸೋಮಯಾಜಿ ಮತ್ತು ಅವನ ಹೆಂಡತಿ ಸೋಮಿದೇವಮ್ಮ, ಬೈರಾಗಿ, ಫಕೀರ, ದಾಸರಿ, ಜಂಗಮ ದೇವರು. ಒಬ್ಬ ಗುರುವನ್ನೂ ಬಿಟ್ಟಿಲ್ಲ, ತಮ್ಮ ಜಾತಿಯ ಹೆಸರಿನ ಜಂಗಮನನ್ನೂ ಬಿಟ್ಟಿಲ್ಲ. ಮರುದಿನ ಅದೇ ತಂಡದಿಂದ ಅರ್ಧನಾರೀಶ್ವರ ಬರುತ್ತಾನೆ. ಅರ್ಧ ಮುಖ ಗಂಡು, ಅರ್ಧ ಮುಖ ಹೆಣ್ಣು, ನಡುವೆ ಒಂದು ಬಟ್ಟೆಯ ಮರೆ. ಬಟ್ಟೆ ಅತ್ತ ಸರಿದರೆ ಶಿವ, ಇತ್ತ ಸರಿದರೆ ಪಾರ್ವತಿ. ನಕ್ಕು ಸುಸ್ತಾದ ಜನವೇ ಅವನಿಗೆ ಕೈಮುಗಿಯುತ್ತದೆ. ನಗುವುದಕ್ಕೂ ಕೈಮುಗಿಯುವುದಕ್ಕೂ ನಡುವೆ ಒಂದು ರಾತ್ರಿಯಷ್ಟೇ ಅಂತರ. ಡೀವೋದವರಿಗೆ ಇದು ಸಾಧ್ಯವಾಗಿತ್ತೇ? ನನಗೆ ಅನುಮಾನ.

ಇನ್ನೀಗ ಹಂಪಿಗೆ ಬನ್ನಿ. ಬ್ರಿಟಿಷ್ ಅಧಿಕಾರಿ ಕರ್ನಲ್ ಮೆಕೆಂಜಿ ಊರೂರಿನಿಂದ ಬರೆಸಿ ಕೂಡಿಟ್ಟ ಕೈಫಿಯತ್ತುಗಳಲ್ಲಿ, ಅಂದರೆ ಊರಿನ ವೃತ್ತಾಂತಗಳಲ್ಲಿ, ಮಾಚುಪಲ್ಲಿಯದೂ ಒಂದು. ಅದರಲ್ಲಿರುವ ಕಥೆ ಓದಿ ನನ್ನ ಮೈಮೇಲೆ ಮುಳ್ಳೆದ್ದವು. ಸುಮಾರು 1502ರ ಮಾತು. ಸಿದ್ಧವಟದ ಸೀಮೆಯಲ್ಲಿ ಸಂಮೆಟ ಗುರುವರಾಜು ಎಂಬ ಪಾಳೆಯಗಾರ ಹಣ ಕೀಳಲು ಹೆಂಗಸರಿಗೆ ಚಿತ್ರಹಿಂಸೆ ಕೊಡುತ್ತಿದ್ದ. ಆ ದಾರಿಯಲ್ಲಿ ಬಂದ ಕೂಚಿಪುಡಿಯ ಭಾಗವತರು ಅದನ್ನು ಕಣ್ಣಾರೆ ಕಂಡರು. ಸೀದಾ ವಿಜಯನಗರಕ್ಕೆ, ಅಂದರೆ ಈ ಹಂಪಿಗೇ, ನಡೆದರು. ಅರಸನ ಮುಂದೆ ಆಟ ಆಡಲು ಅಪ್ಪಣೆ ಪಡೆದು, ಒಬ್ಬ ಗುರುವರಾಜುವಾದ, ಒಬ್ಬ ಅವನ ಭಟನಾದ, ಇನ್ನೊಬ್ಬ ನರಳುವ ಹೆಂಗಸಾದ. ದೂರು ಅರ್ಜಿ ಬರೆಯಲಿಲ್ಲ, ವೇಷ ಹಾಕಿದರು! ಆಟ ನೋಡಿದ ಅರಸ ಇದೇನೆಂದು ವಿಚಾರಿಸಿ, ಸೈನ್ಯ ಕಳಿಸಿ ಗುರುವರಾಜುವನ್ನು ಹಿಡಿಸಿ ಕೊಲ್ಲಿಸಿದ. ಎಮ್ಮಿಗನೂರಿನಿಂದ ಹಂಪಿ ಎಷ್ಟು ದೂರ ಹೇಳಿ? ಮೋಟರ್ ಸೈಕಲ್ಲಿನಲ್ಲಿ ಹೋಗಿ ಊಟದ ಹೊತ್ತಿಗೆ ಹಿಂತಿರುಗಬಹುದು.

ಅದೇ ಹಂಪಿಯಲ್ಲಿ, ಅದೇ ಶತಮಾನದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಪುರಂದರದಾಸರು ತಂಬೂರಿ ಮೀಟುತ್ತ ಡಾಂಭಿಕ ಭಕ್ತರ ಚರ್ಮ ಸುಲಿಯುತ್ತಿದ್ದರು. ಹೊಟ್ಟೆಪಾಡಿನ ವೈರಾಗ್ಯದ ಬಗ್ಗೆ ಅವರದೊಂದು ಕೀರ್ತನೆಯೇ ಇದೆ. ಇನ್ನೂ ಹಿಂದಕ್ಕೆ ಹೋದರೆ ಏಳನೇ ಶತಮಾನದ ಕಂಚಿ: ಪಲ್ಲವ ದೊರೆ ಮಹೇಂದ್ರವರ್ಮ ಸ್ವತಃ ಬರೆದ ‘ಮತ್ತವಿಲಾಸ’ ಪ್ರಹಸನದಲ್ಲಿ ಕುಡುಕ ಕಾಪಾಲಿಕನೊಬ್ಬ ತನ್ನ ಬುರುಡೆ ಪಾತ್ರೆ ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನ ಹೊರಿಸುತ್ತಾನೆ. ಕದ್ದದ್ದು ನಾಯಿ!

ಈಗ ಆ ಬೈಗುಳದ ವಿಷಯ. ಒಳಗೊಂದು ಹೊರಗೊಂದು ಇರುವವನನ್ನು ನಾವು ಹಗಲುವೇಷದವನು ಎನ್ನುತ್ತೇವೆ. ಎಂಥ ಅನ್ಯಾಯ ನೋಡ್ರಿ! ನಟ್ಟ ನಡುಹಗಲು, ಬೆವರಿಗೆ ಬಣ್ಣ ಇಳಿಯುತ್ತಿದ್ದರೂ ಅಡಗಿಸದೆ, ನಾನು ಹಾಕಿರುವುದು ವೇಷ ಅಂತ ಸಾರಿ ಹೇಳಿ ಅಕ್ಕಿ ಕೇಳುವವನು ಅವನೊಬ್ಬನೇ. ಕಪಟಿಗೆ ಇಡಲು ನಮ್ಮ ನುಡಿಗೆ ಅವನ ಹೆಸರೇ ಬೇಕಾಯಿತೆ?

ಹಾಗಂತ ಈ ಜನರ ಜೋಳಿಗೆಯಲ್ಲಿ ಬರೀ ತಮಾಷೆ ಇದೆ ಅಂದುಕೊಂಡರೆ ಕೆಟ್ಟಿರಿ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಕಥೆ ಹಾಡುತ್ತಿದ್ದ ಬುರ್ರಕಥಾ ಈರಮ್ಮ ಇದೇ ಬುಡಗ ಜಂಗಮರ ಮಗಳು. ಅಕ್ಷರ ಕಲಿತವರಲ್ಲ. 12 ಕಾವ್ಯಗಳು ಬಾಯಲ್ಲೇ ಇದ್ದವು. ಬರೆದರೆ ಸುಮಾರು 7,000 ಪುಟ! ಅವುಗಳಲ್ಲಿ ಈ ಕಂಪ್ಲಿ ನೆಲದವನೇ ಆದ ರಾಜಕುಮಾರ ಕುಮಾರರಾಮನ ಕಥೆಯೂ ಒಂದು. ದೆಹಲಿ ಸೈನ್ಯ 1327ರಲ್ಲಿ ಕಂಪಿಲಿ ರಾಜ್ಯವನ್ನು ಅಳಿಸಿಹಾಕಿತು. ಕಥೆಯನ್ನು ಅಳಿಸಲಾಗಲಿಲ್ಲ. ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆಯಿತು. 2014ರಲ್ಲಿ ಈರಮ್ಮ ತೀರಿಕೊಂಡರು.

ಈಗ ಮತ್ತೆ ಎಮ್ಮಿಗನೂರಿನ ಹೋಟೆಲಿಗೆ ಬನ್ನಿ. ನಮ್ಮ ರಾವಣ ಆಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾನೆ. ಕಿರೀಟ ತೊಡೆಯ ಮೇಲಿದೆ. ರಾಮ ಚಹಾ ತರಲು ಹೋಗಿದ್ದಾನೆ. ಒಬ್ಬ ಹುಡುಗ ಹತ್ತಿರ ಬಂದು, ಹೆದರುತ್ತ ಹೆದರುತ್ತ ಭುಜಕೀರ್ತಿಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ. ರಾವಣ ಅಲುಗಾಡದೆ ಕೂರುತ್ತಾನೆ, ಹುಡುಗ ನೋಡಿ ಮುಗಿಸುವ ತನಕ.