ಮೊಬೈಲಿನಲ್ಲಿ ತೋಟದ ಪಾಠ: ಕಡಿಮೆ ಖರ್ಚಿನ ದಾರಿ

ತೋಟದ ಕಸುಬನ್ನು ಅಂತರ್ಜಾಲದಲ್ಲಿ ಕಲಿಸಿ ನಾಲ್ಕು ಕಾಸು ಸಂಪಾದಿಸಬಹುದೇ ಎಂದು ಕೆಲವು ಸದಸ್ಯ ಬಾಂಧವರು ವಿಚಾರಿಸಿದ್ದಾರೆ. ಸಂಪಾದಿಸಬಹುದು, ಆದರೆ ಕ್ಯಾಮರಾ ಕೊಳ್ಳುವ ಮೊದಲು ಕಲಿಯುವವರನ್ನು ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ವಿಷಯ ಚಿಕ್ಕದಿರಲಿ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವುದೇ ಒಂದು ಪಾಠ: 1 ಕಿಲೋ ಮೈಲುತುತ್ತಕ್ಕೆ 50 ಲೀಟರ್ ನೀರು, 1 ಕಿಲೋ ಸುಣ್ಣಕ್ಕೆ 50 ಲೀಟರ್, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕುವುದು, ಅದ್ದಿದ ಕಬ್ಬಿಣದ ಚೂರಿ ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸುವುದು. ಇಷ್ಟನ್ನು ಪುಕ್ಕಟೆ ವಿಡಿಯೋಗಳೂ ಹೇಳುತ್ತವೆ. ಜನ ಹಣ ಕೊಡುವುದು ತಮ್ಮ ಸಂಶಯಕ್ಕೆ ಉತ್ತರ ಸಿಗುವುದಾದರೆ.

ಆದ್ದರಿಂದ ಮೊದಲು ಹತ್ತು ಮಂದಿಯಿಂದ ಯುಪಿಐ ಮೂಲಕ ಶುಲ್ಕ ಪಡೆದು, ವಾಟ್ಸಾಪ್ ಗುಂಪು ಮಾಡಿ, ಮುಂಗಾರಿಗೆ ಮುನ್ನ ನೇರವಾಗಿ ಕಲಿಸಿರಿ. ಮಂದಿ ಸೇರದಿದ್ದರೆ ಹಣ ಹಿಂತಿರುಗಿಸಿರಿ. ಕೈಯಿಂದ ಹೋಗುವುದೇನೂ ಇಲ್ಲ. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವ ಪಾಠಗಳನ್ನೇ ಆಮೇಲೆ ಚಿತ್ರೀಕರಿಸಿರಿ. ಇರುವ ಮೊಬೈಲು ಸಾಕು. ಖರ್ಚು ಮಾಡುವುದಾದರೆ ಅಂಗಿಗೆ ಸಿಕ್ಕಿಸುವ ಮೈಕಿಗೆ ಮಾಡಿರಿ. ಚಿತ್ರ ಮಸುಕಾದರೂ ನಡೆದೀತು, ಮಾತು ಕೇಳಿಸದಿದ್ದರೆ ಪಾಠವಿಲ್ಲ. ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಎಂದು ಏರಿಸಲು ಖರ್ಚಿಲ್ಲ. ಆದರೆ ಲಿಂಕ್ ಸಿಕ್ಕವರೆಲ್ಲರೂ ನೋಡಬಲ್ಲರೆಂಬುದು ನೆನಪಿರಲಿ.

ಆಸಕ್ತ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಟ್ಟರೆ ಮೊದಲ ಹತ್ತು ಮಂದಿಯನ್ನು ಕೂಡಿಸಲು ನೆರವಾಗುತ್ತೇವೆ.