ಶಿಕ್ಷಕಿಗೂ ಬೇಕು ಒಂದು ಕಲಿಕೆಯ ಬಳಗ

ನೀವು ಶಿಕ್ಷಕಿಯೇ? ಹಾಗಾದರೆ ಈ ಅನುಭವ ನಿಮಗೂ ಆಗಿರಬಹುದು. ಬೆಳಿಗ್ಗೆ ಅಡುಗೆ ಮುಗಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ, ದಾವಣಗೆರೆಯಲ್ಲಿ ಬಸ್ಸು ಹತ್ತಿ ಹರಿಹರದ ಶಾಲೆ ಸೇರುತ್ತೀರಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕಾಗುತ್ತೆ?" ಎಂದು ಕೇಳುತ್ತಾಳೆ. "ಅದು ನಿಯಮ, ಬರೆದುಕೋ" ಎನ್ನುತ್ತೀರಿ. ಹುಡುಗಿ ಬರೆದುಕೊಳ್ಳುತ್ತಾಳೆ. ಆದರೆ ಸಂಜೆ ಆ ಪ್ರಶ್ನೆ ನಿಮ್ಮ ಜೊತೆಗೇ ಬಸ್ಸು ಹತ್ತುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಶಾಲೆಯಲ್ಲಿ ಗಣಿತಕ್ಕೆ ಇರುವುದು ನೀವೊಬ್ಬರೇ!

ಬಿ.ಎಡ್. ಮುಗಿದ ದಿನಕ್ಕೆ ನಮ್ಮ ಕಲಿಕೆಯೂ ಮುಗಿಯಿತೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ತರಬೇತಿಗಳೇನೋ ಇವೆ. ಆದರೆ ಮಗುವಿನ ಪ್ರಶ್ನೆ ತರಬೇತಿಯ ದಿನಾಂಕ ನೋಡಿಕೊಂಡು ಬರುವುದಿಲ್ಲವಲ್ಲ.

ಈ ಒಂಟಿತನಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. 2011ರ ಸುಮಾರಿಗೆ ಶಿಕ್ಷಣ ಇಲಾಖೆ ಹಾಗೂ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಇ-ಮೇಲ್ ಗುಂಪುಗಳಾದವು. ಒಂದು ಜಿಲ್ಲೆಯವರು ಕೇಳಿದ್ದಕ್ಕೆ ಇನ್ನೊಂದು ಜಿಲ್ಲೆಯವರು ಉತ್ತರಿಸಬಹುದಿತ್ತು. ಶಿಕ್ಷಕರೇ ಸಿದ್ಧಪಡಿಸಿದ ಪಾಠ ಸಾಮಗ್ರಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೆಡೆ ಕೂಡಿಡಲು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣವೂ ಹುಟ್ಟಿತು. ವಿಕಿಪೀಡಿಯದ ಮಾದರಿಯದು, ಯಾರು ಬೇಕಾದರೂ ಓದಬಹುದು. 2017ರಲ್ಲಿ ಕೇಂದ್ರ ಸರಕಾರದ 'ದೀಕ್ಷಾ' ಬಂತು. ಅದರಲ್ಲೂ ಬೇಕಾದಷ್ಟು ಪಾಠಗಳಿವೆ. ಆದರೆ ನನ್ನ ಕೇಳಿದರೆ, ನೋಡಿ ಕಲಿಯುವುದು ಬೇರೆ, ಕೇಳಿ ಕಲಿಯುವುದು ಬೇರೆ. ಕೇಳಲು ಮನುಷ್ಯರೇ ಬೇಕು.

ಇಲ್ಲಿಯೇ ನಮ್ಮ ಸಹೋದರಿಯರು ಹಿಂಜರಿಯುತ್ತಾರೆ. ವಾಟ್ಸಾಪ್ ಗುಂಪು ಸೇರಿದರೆ ನಂಬರು ಸದಸ್ಯರ ಕಣ್ಣಿಗೆ ಬೀಳುತ್ತದೆ. "ಗುರುತಿಲ್ಲದ ಗಂಡಸರಿರುವ ಗುಂಪು ನಿನಗೇಕೆ?" ಎಂದು ಮನೆಯಲ್ಲಿ ಕೇಳುತ್ತಾರೆ. ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಬೇಡಿ. ರಾತ್ರಿ ಹನ್ನೊಂದಕ್ಕೆ 'ಹಾಯ್ ಮೇಡಂ' ಎಂಬ ಸಂದೇಶ ಬಂದ ಶಿಕ್ಷಕಿಯರಿಗೆ ಅದರ ಕಿರಿಕಿರಿ ಗೊತ್ತು. ಆದರೆ ಅದಕ್ಕೆ ಹೆದರಿ ಕಲಿಕೆಯ ಬಾಗಿಲನ್ನೇ ಮುಚ್ಚಿಕೊಳ್ಳಬೇಕೇ? ಶಾಲೆಯ ಕೆಲಸಕ್ಕೆಂದೇ ಬೇರೊಂದು ಇ-ಮೇಲ್ ಮಾಡಿಕೊಳ್ಳಿ. ವಾಟ್ಸಾಪಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ, ನಿಮ್ಮನ್ನು ಗುಂಪಿಗೆ ಯಾರು ಸೇರಿಸಬಹುದೆಂದು ನೀವೇ ನಿರ್ಧರಿಸಬಹುದು. 2019ರಿಂದ ಈ ಸೌಲಭ್ಯವಿದೆ. ಅದೂ ಬೇಡವೆನಿಸಿದರೆ ಬಿ.ಎಡ್.ನಲ್ಲಿ ಜೊತೆಗೆ ಓದಿದ ನಾಲ್ವರು ಗೆಳತಿಯರಿಂದಲೇ ಆರಂಭಿಸಿ. ಒಬ್ಬಳು ಉರ್ದು ಶಾಲೆಯಲ್ಲಿರಲಿ, ಒಬ್ಬಳು ಹಳ್ಳಿಯ ಶಾಲೆಯಲ್ಲಿರಲಿ. ಮದುವೆಯ ನಂತರ ಕೆಲಸ ಬಿಟ್ಟವಳನ್ನೂ ಸೇರಿಸಿಕೊಳ್ಳಿ. ಅವಳಿಗೆ ವಿಷಯ ಮರೆತಿರುವುದಿಲ್ಲ, ಕೇಳುವವರಿರುವುದಿಲ್ಲ, ಅಷ್ಟೆ.

ಗುಂಪು ಚಿಕ್ಕದಿದ್ದರೂ ಒಂದು ಶಿಸ್ತು ಬೇಕು. ಶುಭೋದಯದ ಹೂವು, ಆಫರಿನ ಸೀರೆ ಅಲ್ಲಿ ಬೇಡ. ಮಕ್ಕಳ ಫೋಟೋ, ಹೆಸರು, ಅಂಕಪಟ್ಟಿ ಖಂಡಿತ ಬೇಡ. 'ಗಣಿತ ಕಷ್ಟ, ಏನು ಮಾಡಲಿ' ಎಂದರೆ ಯಾರೂ ಉತ್ತರಿಸಲಾರರು. ಮಗು ಕೇಳಿದ್ದೇನು, ನೀವು ಹೇಳಿದ್ದೇನು ಎಂದು ಎರಡು ಸಾಲು ಬರೆಯಿರಿ. ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಮೊದಲ ಸಲ ನಾಚಿಕೆಯಾಗುತ್ತದೆ, ನಿಜ. ನೀವು ಕೇಳಿದ ಮೇಲೆ, ಅದೇ ಪ್ರಶ್ನೆ ತನಗೂ ಇತ್ತೆಂದು ಇನ್ನೊಬ್ಬಳು ಬರೆದಾಗ ಆ ನಾಚಿಕೆ ಹೋಗುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಗೆಳತಿಯೊಬ್ಬಳು ಹೀಗೆ ಕಳಿಸಬಹುದು: ಮೈನಸ್ 2ನ್ನು 3ರಿಂದ ಗುಣಿಸಿದರೆ ಮೈನಸ್ 6. 2ರಿಂದ ಗುಣಿಸಿದರೆ ಮೈನಸ್ 4. 1ರಿಂದ ಮೈನಸ್ 2, ಸೊನ್ನೆಯಿಂದ ಸೊನ್ನೆ. ಪ್ರತಿ ಹೆಜ್ಜೆಗೂ ಉತ್ತರ 2 ಹೆಚ್ಚುತ್ತಿದೆ. ಹಾಗಾದರೆ ಮುಂದಿನ ಹೆಜ್ಜೆ, ಮೈನಸ್ 1ರಿಂದ ಗುಣಿಸಿದರೆ? ನಾಳೆ ಬೋರ್ಡಿನ ಮೇಲೆ ಇಷ್ಟು ಬರೆದು, ಕೊನೆಯ ಸಾಲು ತುಂಬಲು ಚಾಕ್‌ಪೀಸನ್ನು ಅವಳ ಕೈಗೇ ಕೊಡಿ.