ಮಾಗಿಯ ಚಳಿಯೂ ನಾಯಿಯ ಗೂಡೂ

ಚಳಿಗಾಲದ ರಾತ್ರಿಯಲ್ಲಿ ಮೈ ಮುದುಡಿಕೊಂಡು ಮಲಗಿದ್ದ ನಾಯಿಯೊಂದು, ‘ಬೆಳಗಾದೊಡನೆ ನನಗೊಂದು ಪುಟ್ಟ ಮನೆ ಕಟ್ಟಿಕೊಳ್ಳುವೆ’ ಎಂದು ನಿಶ್ಚಯಿಸಿತಂತೆ. ಬಿಸಿಲೇರಿದ ಮೇಲೆ ಕಾಲು ಚಾಚಿ ಮಲಗಿ ತನ್ನ ಉದ್ದವನ್ನು ನೋಡಿಕೊಂಡು, ‘ಇಷ್ಟು ದೊಡ್ಡ ಮೈಗೆ ಮನೆ ಕಟ್ಟುವುದು ನನ್ನಿಂದಾಗದು’ ಎಂದು ಸುಮ್ಮನಾಯಿತಂತೆ. ಸೋಮಾರಿತನವನ್ನು ಹಳಿಯಲು ಹಿರಿಯರು ಹೇಳುವ ಈ ಕಥೆಯನ್ನು ನೀವೂ ಕೇಳಿರಬಹುದು. ಆದರೆ ಆ ನಾಯಿಯ ರಾತ್ರಿಯ ಆಲೋಚನೆಯೇ ಸರಿಯಾದುದೆಂದೂ ಅದರಲ್ಲಿ ಒಳ್ಳೆಯ ಭೌತವಿಜ್ಞಾನವಿದೆಯೆಂದೂ ನನಗೆ ತಿಳಿದುದು ಬಹಳ ತಡವಾಗಿ. ಅದೂ ಎರಡು ಮರಿಗಳನ್ನು ಕಳೆದುಕೊಂಡ ಮೇಲೆ.

ನಮ್ಮ ಮನೆ ಇರುವುದು ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಬಳಿ. ಬೆಂಗಳೂರಿನ ಚಳಿಯೂ ಒಂದು ಚಳಿಯೇ ಎಂದು ಉತ್ತರ ಭಾರತದ ಮಿತ್ರರು ನಗುವುದುಂಟು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ಜನವರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ. ಹಿಮ ಬೀಳುವ ನಾಡುಗಳ ಲೆಕ್ಕದಲ್ಲಿ ಇದು ದೊಡ್ಡದಲ್ಲ, ನಿಜ. ಆದರೆ ಕಟ್ಟಡಗಳ ಮರೆ ತಪ್ಪಿ ದೇವನಹಳ್ಳಿಯ ಕಡೆಗೆ ಬಯಲು ತೆರೆದುಕೊಳ್ಳುವೆಡೆಯಲ್ಲಿ ಮೂಡಣ ಗಾಳಿಗೆ ತಡೆಯೆಂಬುದಿಲ್ಲ. ಮುಂಜಾನೆಯ ಮಂಜು ಅಲ್ಲಿಯ ವಿಮಾನಗಳನ್ನೇ ತಡೆದು ನಿಲ್ಲಿಸುವಷ್ಟು ದಟ್ಟವಾಗುವುದೂ ಉಂಟು.

ಹಲವು ವರ್ಷಗಳ ಹಿಂದೆ ಚೆನ್ನಿ ಎಂಬ ನಾಟಿ ನಾಯಿ ನಮ್ಮ ಮನೆ ಸೇರಿತು. ಅದಕ್ಕೊಂದು ಮನೆ ಬೇಕಲ್ಲ! ಬೇಲಿಗೆ ನಿಲ್ಲಿಸಿ ಉಳಿದಿದ್ದ ಕಲ್ಲುಚಪ್ಪಡಿಗಳಿಂದ ಹಿತ್ತಿಲಲ್ಲಿ ಕರುವನ್ನು ಕಟ್ಟಬಹುದಾದಷ್ಟು ವಿಶಾಲವಾದ ಗೂಡನ್ನೇ ಕಟ್ಟಿಸಿದೆ. ನೆಲಕ್ಕೆ ಸಿಮೆಂಟು, ಮೇಲೆ ತಗಡಿನ ಹೊದಿಕೆ, ಒಳಗೆ ಹಳೆಯ ಜಮಖಾನ. ನೋಡಿದವರೆಲ್ಲ ಮೆಚ್ಚಿದರು. ಆ ಡಿಸೆಂಬರಿನಲ್ಲಿ ಚೆನ್ನಿ ಅಲ್ಲಿ ನಾಲ್ಕು ಮರಿಗಳನ್ನು ಹಾಕಿತು. ಮೂರನೆಯ ದಿನ ಬೆಳಗ್ಗೆ ಹೋಗಿ ನೋಡಿದರೆ ಎರಡು ಮರಿಗಳು ಸೆಟೆದು ತಣ್ಣಗಾಗಿದ್ದವು. ಉಳಿದೆರಡನ್ನು ತಾಯಿ ಕುತ್ತಿಗೆಯಲ್ಲಿ ಕಚ್ಚಿ ಒಯ್ದು ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ ಮಲಗಿಸಿಕೊಂಡಿತ್ತು. ನನ್ನ ಕಲ್ಲುಮನೆಯತ್ತ ಅದು ಮತ್ತೆ ತಿರುಗಿಯೂ ನೋಡಲಿಲ್ಲ.

ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಉಳಿಸಿರುವ 10ನೆಯ ಶತಮಾನದ ಆತಕೂರು ಶಾಸನವನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೀವು ನೋಡಬಹುದು. ಸತ್ತ ನಾಯಿಗೆ ಕಲ್ಲು ಗೌರವವೇ ಸರಿ. ಬದುಕಿರುವ ನಾಯಿಗೆ ಅದು ತಕ್ಕ ಗೋಡೆಯಲ್ಲ.

ಹೀಗೇಕೆಂದು ನನಗೆ ತಿಳಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಛಂದಸ್ಸು ಕಲಿತು, ಮುಂದೆ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಅವನು ಹೇಳಿದ ಮೊದಲ ಮಾತು ಇದು: ‘ಗೂಡು ಶಾಖವನ್ನು ಹುಟ್ಟಿಸುವುದಿಲ್ಲ, ಮೇಷ್ಟ್ರೇ, ಒಳಗಿರುವ ಒಲೆಯೆಂದರೆ ನಾಯಿಯೇ.’

ಆರೋಗ್ಯವಂತ ನಾಯಿಯ ಮೈಯ ಉಷ್ಣತೆ 38ರಿಂದ 39 ಡಿಗ್ರಿಗಳಷ್ಟು. ಆ ಶಾಖದಿಂದ ಸುತ್ತಲಿನ ಗಾಳಿ ಬೆಚ್ಚಗಾಗುತ್ತದೆ. ಗೂಡು ಚಿಕ್ಕದಾದರೆ ಕಾಯಬೇಕಾದ ಗಾಳಿಯೂ ಕಡಿಮೆ. ದೊಡ್ಡದಾದರೆ ನಾಯಿ ಇರುಳೆಲ್ಲ ಬರಿಯ ಬಯಲನ್ನು ಕಾಯಿಸಿದಂತೆ. ಆದುದರಿಂದ ನಾಯಿ ಒಳಹೊಕ್ಕು, ನಿಂತು, ಒಂದು ಸುತ್ತು ತಿರುಗಿ ಮುದುಡಿ ಮಲಗುವಷ್ಟು ಜಾಗವಿದ್ದರೆ ಸಾಕು. ಇನ್ನು ಕಲ್ಲು: ಮರಕ್ಕಿಂತ 10 ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುವ ಗುಣ ಅದಕ್ಕಿದೆ. ನಿರಭ್ರವಾದ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ಒಳಗಿನ ಉಸಿರಿನ ತೇವ ಅದಕ್ಕೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಆ ಹನಿಗಳನ್ನು ನನ್ನ ಜಮಖಾನ ಹೀರಿಕೊಂಡಿತ್ತು. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸೆಳೆದೊಯ್ಯುತ್ತದೆಂದ ಮೇಲೆ, ಒದ್ದೆಯಾದ ಹಾಸಿಗೆ ಹಾಸಿಗೆಯೇ ಇಲ್ಲದುದಕ್ಕಿಂತ ಕೇಡು. ಬೆಳೆದ ನಾಯಿ ಇದನ್ನೆಲ್ಲ ನಡುಗಿಯಾದರೂ ತಾಳಿಕೊಂಡೀತು. ಆದರೆ ಹುಟ್ಟಿದ ಮೊದಲ ಒಂದೆರಡು ವಾರ ಮರಿಗಳಿಗೆ ನಡುಗಲೂ ಬರುವುದಿಲ್ಲ. ತಾಯಿ ಆಹಾರಕ್ಕೆಂದು ಎದ್ದು ಹೋದ ಸ್ವಲ್ಪ ಹೊತ್ತೇ ಅವುಗಳಿಗೆ ಅಪಾಯ.

ಮರುವರ್ಷ ಹಲಗೆಯ ಗೂಡನ್ನು ಮಾಡಿಸಿದೆ. ಅದನ್ನು ಇಟ್ಟಿಗೆಗಳ ಮೇಲೆ ನಾಲ್ಕು ಅಂಗುಲ ಎತ್ತರದಲ್ಲಿ ನಿಲ್ಲಿಸಿದುದರಿಂದ ನೆಲದ ತಂಪು ತಾಗಲಿಲ್ಲ. ಗೋಡೆಗೆ ಎರಡು ಪದರ ಹಲಗೆ, ನಡುವೆ ಒಣಗಿದ ಭತ್ತದ ಹೊಟ್ಟು. ತಗಡಿನ ಕೆಳಗೂ ಹಲಗೆ ಹೊಡೆಸಿ, ಉಸಿರಿನ ತೇವ ಹೊರಹೋಗಲು ಸೂರಿನಡಿಯಲ್ಲಿ ಎರಡು ಸಣ್ಣ ರಂಧ್ರಗಳನ್ನು ಬಿಡಿಸಿದೆ. ಬಾಗಿಲನ್ನು ನಡುವೆ ಇಡದೆ ಒಂದು ಮೂಲೆಗೆ ಸರಿಸಿದರೆ ನಾಯಿ ಇನ್ನೊಂದು ಮೂಲೆಯಲ್ಲಿ ಗಾಳಿಗೆ ಮರೆಯಾಗಿ ಮಲಗುತ್ತದೆ. ಗೋಣಿಯ ಪರದೆ, ಹುಲ್ಲು ಹೊರಚೆಲ್ಲದಂತೆ ಗೇಣುದ್ದದ ಹೊಸ್ತಿಲು, ಇಷ್ಟೆ. ನಮ್ಮಲ್ಲಿ ಚಳಿಗಾಲದ ಗಾಳಿ ಮೂಡಲಿಂದ ಬೀಸುವುದರಿಂದ ಬಾಗಿಲು ಪಡುವಲಿಗಿರಬೇಕು. ಮುಂಗಾರಿನ ಗಾಳಿ ಪಡುವಲದು. ಆಗ ಗೂಡನ್ನೇ ತಿರುಗಿಸಿ ಇಟ್ಟರಾಯಿತು. ಕಲ್ಲುಮನೆಗೆ ಈ ಅನುಕೂಲವಿಲ್ಲ.

ಹಾಸಿಗೆಗೆ ಬಟ್ಟೆಗಿಂತ ಒಣಹುಲ್ಲು ಮೇಲು. ಅದರ ಕಡ್ಡಿಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿಯೇ ಕಂಬಳಿಯಂತೆ ಶಾಖವನ್ನು ಕಾಯುತ್ತದೆ. ನಾಯಿ ಅದನ್ನು ಕೆದರಿ ತನಗೆ ಬೇಕಾದ ಗುಳಿ ಮಾಡಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಚಳಿ ಬಲಿಯುವ ವೇಳೆಗೆ ರಾಗಿ ಕಟಾವಾಗಿ ಹೊಸ ಹುಲ್ಲು ಸಿಗುವುದು ದೊಡ್ಡ ಸೌಕರ್ಯ. ವಾರಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ತೇವವೂ ಉಣ್ಣಿಯೂ ಸೇರಿಕೊಳ್ಳುತ್ತವೆ. ಕೆಲವರು ಕನಿಕರದಿಂದ ಕೆಂಡದ ಅಗ್ಗಿಷ್ಟಿಕೆಯನ್ನು ಗೂಡಿನೊಳಗಿಡುತ್ತಾರೆ. ಅದನ್ನು ಎಂದೂ ಮಾಡಬಾರದು. ಹುಲ್ಲಿಗೆ ಬೆಂಕಿ ತಗಲುವ ಭಯ ಒಂದು. ಮುಚ್ಚಿದ ಎಡೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಇನ್ನೊಂದು.

ಹೊಸ ಗೂಡನ್ನು ಇಟ್ಟ ದಿನ ಚೆನ್ನಿ ಅದನ್ನು ಮೂಸಿ ನೋಡಿ ಬೂದಿಗೇ ಮರಳಿತು. ನಾಲ್ಕನೆಯ ದಿನ ನಸುಕಿನಲ್ಲಿ ಬಚ್ಚಲೊಲೆಯ ಬಳಿ ಅದು ಕಾಣಲಿಲ್ಲ. ಗೋಣಿಯನ್ನು ಸರಿಸಿ ಹುಲ್ಲಿನೊಳಗೆ ಕೈಯಿಟ್ಟೆ. ಹೊರಗೆ ಮಂಜು ಸುರಿಯುತ್ತಿದ್ದರೂ ಹುಲ್ಲು ಬೆಚ್ಚಗಿತ್ತು. ಚೆನ್ನಿ ಕಣ್ಣು ತೆರೆಯದೆ ಬಾಲವನ್ನು ಒಮ್ಮೆ ಆಡಿಸಿ, ಮೂತಿಯನ್ನು ಮತ್ತೆ ಹೊಟ್ಟೆಯ ಮರೆಗೆ ಸೇರಿಸಿಕೊಂಡಿತು.